ಪೂನಂ ನೋಡುತ್ತಿದ್ದ ನೀರು

"ಕಾಕಾ, ಜರಾ ಮ್ಯಾಲ ಹಿಡೀರಿ. ಆಕಿ ಮಾರಿ ಸೊಟ್ಟ ಕಾಣಾಕತ್ತದ."

ದೇವಿಂದ್ರಪ್ಪ ಫ್ಲೆಕ್ಸಿನ ಮೂಲೆಯನ್ನು ಇನ್ನಷ್ಟು ಎತ್ತಿ ಹಿಡಿದ. ಅವನ ಅಣ್ಣನ ಮಗ ಸಂಘಪಾಲ ಬೇವಿನ ಮರದ ಟೊಂಗೆಯ ಮೇಲೆ ಕುಳಿತು ಹಗ್ಗ ಬಿಗಿಯುತ್ತಿದ್ದ. ಮಗಳು ಪೂನಂಳ ಹೆಣ ಹೊತ್ತ ಗಾಡಿ ಕಾರವಾರದಿಂದ ಹೊರಟು ರಾತ್ರಿಯೆಲ್ಲ ಓಡಿ, ಕಲಬುರಗಿ ದಾಟಿ, ಈಗ ಹುಮನಾಬಾದಿನ ಹಾದಿಯಲ್ಲಿತ್ತು. ಅದು ದುಬಲಗುಂಡಿ ಮುಟ್ಟುವ ತನಕ ದೇವಿಂದ್ರಪ್ಪನ ಕೈಗೆ ಏನಾದರೊಂದು ಕೆಲಸ ಬೇಕಾಗಿತ್ತು. ಹಗ್ಗ ಹಿಡಿ ಅಂದರೆ ಹಗ್ಗ, ಮೂಲೆ ಹಿಡಿ ಅಂದರೆ ಮೂಲೆ.

ಸಂಘಪಾಲ ಕೆಳಗಿಳಿದು, ದೂರ ಸರಿದು ನೋಡಿದ. ದೇವಿಂದ್ರಪ್ಪನೂ ನೋಡಿದ. ಎಲ್ಲಾ ನೀಲಿ ನೀರು. ನೀರಿನ ನಡುವೆ ಪೂನಂಳ ಮುಖ, ಪದವಿ ತಗೊಂಡ ದಿನ ತೆಗೆಸಿದ್ದು. ಅವಳ ಹೆಗಲ ಹಿಂದಿನಿಂದ ಕಪ್ಪನೆಯ ಪ್ರಾಣಿಯೊಂದು, ಎಮ್ಮೆಯ ಹಿಂಡನ್ನೇ ಒಂದುಗೂಡಿಸಿದರೂ ಸಾಲದಷ್ಟು ದೊಡ್ಡದು, ನೀರೊಡೆದು ಮೇಲಕ್ಕೆ ಹಾರಿತ್ತು. ಕೆಳಗೆ ದಪ್ಪ ಅಕ್ಷರ. ದೇವಿಂದ್ರಪ್ಪನಿಗೆ ಓದು ಬರುತ್ತಿರಲಿಲ್ಲ.

"ಏನಂತ ಬರಸೀದಿ?"

"ಕುಮಾರಿ ಪೂನಂ, ಸಮುದ್ರ ವಿಜ್ಞಾನ ಅಧಿಕಾರಿ, ಭಾವಪೂರ್ಣ ಶ್ರದ್ಧಾಂಜಲಿ."

"ಈ ಪ್ರಾಣಿ?"

"ತಿಮಿಂಗಿಲ. ಸಮುದ್ರದಾಗ ಅದರಕಿಂತ ದೊಡ್ಡದು ಯಾವುದೂ ಇಲ್ಲ ಕಾಕಾ."

"ಆಕಿ ಇದನ್ನ ಕಂಡಿದ್ದಿಲ್ಲೋ."

"ಹುಮನಾಬಾದಿನ ಅಂಗಡ್ಯಾಗ ಸಮುದ್ರ ಅಂದ್ರ ಇದೊಂದೇ ಇತ್ತು. ಇನ್ನೊಂದಿತ್ತು, ಅದರಾಗ ಗಣಪತಿ ಬಿಡಾಕತ್ತಿದ್ರು. ಅದು ಬ್ಯಾಡಂದೆ."

"ಅಧಿಕಾರಿ ಅಂತ ಯಾಕ ಹಾಕಿದಿ? ಆಕೀದು ಕಾಯಂ ನೌಕರಿ ಸುದ್ದಾ ಅಲ್ಲ."

ಸಂಘಪಾಲ ಹಗ್ಗದ ಚೂರನ್ನು ಬೆರಳಿಗೆ ಸುತ್ತಿಕೊಂಡ. ನಿನ್ನೆ ಸುದ್ದಿ ಬಂದಾಗಿನಿಂದ ಅವನು ಕಣ್ಣು ಮುಚ್ಚಿರಲಿಲ್ಲ. "ಮ್ಯಾಲಿನ ಓಣಿಯವರೂ ಬರ್ತಾರ ಕಾಕಾ. ನಮ್ಮ ಹುಡುಗಿ ಏನಾಗಿದ್ಲು ಅಂತ ಅವರೂ ನೋಡ್ಲಿ. ಇವತ್ತು ನಾನೇ ಮಾತಾಡ್ತೀನಿ. ನಿಮಗ ಮಾತು ಹೊರಡಂಗಿಲ್ಲ."

ಅವರ ಓಣಿಯಲ್ಲಿ ಒಂದು ಪದ್ಧತಿ ಇದೆ. ಮಣ್ಣು ಕೊಡುವ ಮುಂಚೆ ಮನೆಯವರಲ್ಲಿ ಒಬ್ಬರು ಎದ್ದು ನಿಂತು, ಸತ್ತವರು ಬದುಕಿದ್ದಾಗ ಮಾಡಿದ ಕೆಲಸ ಹೇಳಬೇಕು. ಓಣಿಯ ಹಿರಿಯರು 'ಕೇಳೀವಿ' ಅನ್ನಬೇಕು. ಆಮೇಲೆ ಮಣ್ಣು. ಓಣಿಯವರು ಬುದ್ಧನ ದಾರಿ ಹಿಡಿದ ಹೊಸದರಲ್ಲಿ ಆಗಿನ ಮುದುಕರು ಕೂಡಿ ಮಾಡಿದ್ದು ಇದು. ಅದಕ್ಕೂ ಹಿಂದೆ ಎಷ್ಟೋ ಹೆಣಗಳು ಮಾತಿಲ್ಲದೆ ಮಣ್ಣಿಗೆ ಹೋಗಿದ್ದವು. ದುಡಿದವರು ಇವರು, ಹೆಸರು ಹೊಲದ ಧಣಿಯದು. ಅವ್ವ ಸತ್ತಾಗ ದೇವಿಂದ್ರಪ್ಪ, "ನಮ್ಮವ್ವ ತೊಗರಿ ಕೊಯ್ದಳು, ದೊಡ್ಡ ಬಾವಿ ಮಣ್ಣು ಹೊತ್ತಳು" ಅಂದು ಕುಳಿತಿದ್ದ. ಅಷ್ಟು ಸಾಕಾಗಿತ್ತು. ಬಾವಿ ಎಲ್ಲರೂ ಕಂಡದ್ದು, ಅದರ ನೀರು ಎಲ್ಲರೂ ಕುಡಿದದ್ದು. ಅಂದು ಹೇಳಿದ ಮಾತೇ ಇಂದಿಗೂ ಓಣಿಯಲ್ಲಿ ಉಳಿದಿದೆ. ಅವ್ವನ ಮೊಮ್ಮಕ್ಕಳಿಗೂ ಅವಳು ಬಾವಿ ಮಣ್ಣು ಹೊತ್ತವಳೇ.

ಇಂದು ಅಧಿಕಾರಿ ಅಂದುಬಿಟ್ಟರೆ ಮಗಳು ಅಧಿಕಾರಿಯಾಗಿಯೇ ಉಳಿಯುತ್ತಾಳೆ. ಅವಳು ಖರೆ ಮಾಡಿದ್ದು ಅವಳ ಜೊತೆಗೇ ಮಣ್ಣಿಗಿಳಿಯುತ್ತದೆ. ದೇವಿಂದ್ರಪ್ಪನ ಎದೆಯನ್ನು ಕೊರೆಯುತ್ತಿದ್ದುದು ಇದು. ಆದರೆ ಸಂಘಪಾಲನಂತೆ ಮೈಕು ಹಿಡಿದು ಮಾತಾಡಿದವನಲ್ಲ ಅವನು. ಮಗಳ ಕೆಲಸ ತನಗಾದರೂ ಪೂರಾ ತಿಳಿದಿತ್ತೇ?

ಅವನು ಬಾಗಿ, ಕೆಳಗೆ ಬಿದ್ದ ಹಗ್ಗದ ಚೂರುಗಳನ್ನು ಆಯತೊಡಗಿದ.

*

ಪೂನಂ ಸಣ್ಣವಳಿದ್ದಾಗ ಕೀಲೆಲ್ಲ ಬಾತು ಜ್ವರ ಬಂದಿತ್ತು. ಜ್ವರ ಹೋಗುವಾಗ ಎದೆಯನ್ನು ಕೆಡಿಸಿ ಹೋಯಿತು. ಎದೆಯೊಳಗಿನ ಬಾಗಿಲೊಂದು ಬರಾಬರಿ ಮುಚ್ಚುವುದಿಲ್ಲ ಅಂದರು ಬೀದರಿನ ಡಾಕ್ಟರು. ಸೊಲ್ಲಾಪುರದಲ್ಲಿ ಆಪರೇಶನ್ ಆಯಿತು. ಇಷ್ಟು ವರ್ಷ ಅವಳು ಉಳಿದದ್ದೇ ಅದರಿಂದ. ಆದರೂ ಓಡಬಾರದು, ಭಾರ ಎತ್ತಬಾರದು ಅಂದಿದ್ದರು. ಕೂಲಿ ಮಾಡುವವರ ಮನೆಯಲ್ಲಿ ಭಾರ ಎತ್ತಲಾರದ ಮಗು ಏನು ಮಾಡಬೇಕು? ಓದಬೇಕು. ಓದಿದಳು.

ಹುಮನಾಬಾದಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ಕಾಲ. ಒಂದು ಸಂಜೆ ಬಂದವಳೇ ಚಪ್ಪಲಿ ಸಹ ಬಿಡದೆ ಒಳಗೆ ಹೋಗಿ ನೀರಿನ ಕೊಡದಲ್ಲಿ ಇಣುಕಿದಳು.

"ಹಲ್ಲಿ ಬಿದ್ದದೇನು?" ಒಲೆಯ ಮುಂದಿದ್ದ ಶೇವಂತಾಬಾಯಿ ಗಾಬರಿಯಾಗಿ ಎದ್ದಳು.

"ಇಲ್ಲವ್ವ. ಬಸವಕಲ್ಯಾಣದ ಕೆರಿ ನೀರು ತಂದು, ಸಣ್ಣದು ದೊಡ್ಡದು ಮಾಡೋ ದುರ್ಬೀನಿನಾಗ ತೋರಿಸಿದ್ರು. ಒಂದೇ ಒಂದು ಹನಿ. ಅದರಾಗ ಒಂದು ಓಣೀನೇ ಅದ. ಒಬ್ಬ ಓಡಾಕತ್ತಾನ, ಒಬ್ಬ ಸುಮ್ಮ ಕುಂತಾನ, ಒಬ್ಬ ಬಾಜೂದವನ್ನ ನುಂಗಾಕತ್ತಾನ."

"ಹಂಗಾರ ನಮ್ಮ ಓಣೀನೇ ಬಿಡು ಅದು."

ಪೂನಂ ನಕ್ಕಳು, ನಕ್ಕು ಕೆಮ್ಮಿದಳು. "ಕೆಲವು ಗಾಜಿನ ಡಬ್ಬಿಯಂಗ ಮೈ ಕಟ್ಕೊಂಡಾವವ್ವ. ಮ್ಯಾಲ ನಕ್ಷಿ. ಏನು ಸಣ್ಣ ನಕ್ಷಿ ಅಂತಿ. ಯಾರೂ ನೋಡದ ಜಾಗದಾಗ ಅಷ್ಟು ಚಂದ ಯಾರ ಸಲುವಾಗಿ?"

"ನಾ ಕೌದಿ ಒಳಗಿನ ಚಿಂದಿಗೂ ಬರಾಬರಿ ಹೊಲಿಗಿ ಹಾಕಂಗಿಲ್ಲೇನು? ಯಾರ ಸಲುವಾಗಿ?"

ಆ ಮಾತಿಗೆ ಪೂನಂ ಬಹಳ ಹೊತ್ತು ಅವ್ವನ ಮುಖ ನೋಡುತ್ತ ಕುಳಿತಿದ್ದಳು. ರೊಟ್ಟಿ ಹೊತ್ತಿದ ವಾಸನೆ ಬಂದಾಗಲೇ ಇಬ್ಬರಿಗೂ ಎಚ್ಚರ.

ಮುಂದೆ ಕಾರವಾರಕ್ಕೆ ಹೋಗಿ ಸಮುದ್ರದ ಜೀವಗಳ ಓದು ಓದಿದಳು. ಅಲ್ಲೇ ಕೆಲಸ ಸಿಕ್ಕಿತು. ಎದೆಯ ಕಾರಣಕ್ಕೆ ಅವಳನ್ನು ದೋಣಿ ಹತ್ತಿಸುತ್ತಿರಲಿಲ್ಲ. ಬೇರೆಯವರು ಹೋಗಿ, ಸೀರೆಗಿಂತ ತೆಳುವಾದ ಜಾಳಿಗೆಯಲ್ಲಿ ಸೋಸಿ ಶೀಶೆಯಲ್ಲಿ ನೀರು ತರುತ್ತಿದ್ದರು. ಇವಳು ಕುಳಿತು ನೋಡುತ್ತಿದ್ದಳು.

ಸೋಯಾ ರಾಶಿ ಮುಗಿದ ಮೇಲೆ ಬರ್ರಿ, ಇಬ್ರಿಗೂ ತೋರಿಸ್ತೀನಿ ಅಂದಿದ್ದಳು. ರಾಶಿ ಮುಗಿದಿತ್ತು. ಹೊರಡುವ ದಿನವೊಂದು ಗೊತ್ತುಮಾಡುವುದಿತ್ತು.

*

ಗಾಡಿ ಬಂತು. ಅಂಗಳದಲ್ಲಿ ಇಳಿಸಿದರು. ಬಿಳಿ ಬಟ್ಟೆ ಸರಿಸಿದಾಗ ಹೆಂಗಸರ ಅಳು ಒಮ್ಮೆಲೇ ಎದ್ದಿತು. ಶೇವಂತಾಬಾಯಿ ಮಾತ್ರ ಅಳಲಿಲ್ಲ. ಮಗಳ ಬಲಗೈ ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು.

"ಎಷ್ಟು ಮೆತ್ತಗದ ನೋಡ್ರಿ," ಅಂದಳು ಯಾರಿಗೋ. "ಕುರಪಿ ಹಿಡಿದಿಲ್ಲ, ಕುಡಗೋಲು ಹಿಡಿದಿಲ್ಲ. ನನ್ನ ಹೊಟ್ಟೀಲಿ ಹುಟ್ಟಿದ ಕೈ ಹೌದೇನು ಇದು?"

ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿದರು. ಗೋಡೆಯ ನೆರಳಲ್ಲಿ ಹೆಂಗಸರು ಸಾಲಾಗಿ ಕುಳಿತರು. ಓಣಿಗೆಲ್ಲ ಹಿರಿಯಳಾದ ಜಗದೇವಿ ಸೆರಗಿನಿಂದ ಕಣ್ಣೊರೆಸಿಕೊಂಡು, ಫ್ಲೆಕ್ಸಿನ ಕಡೆ ಕತ್ತೆತ್ತಿದಳು.

"ಇಂಥಾ ದೊಡ್ಡ ಮೀನ ಹಿಡಿಯಾಕ ಕಳಿಸಿದ್ರೇನು ಎದಿಬ್ಯಾನಿ ಹುಡುಗೀನ?"

"ಹಿಡಿಯೋದಲ್ಲ ಅತ್ತಿ. ಮೀನಿಗಿ ಸೂಜಿ ಹಾಕೋ ಡಾಕ್ಟರ್ ಇದ್ಲಂತ."

"ಮೀನಿಗಿ ಜ್ವರ ಬರ್ತಾವು?"

"ಬರಲಾರದೇನು? ಹುಟ್ಟಿದಾಗಿಂದ ತೊಯ್ಸಕೋತ ಇರ್ತಾವ."

ಯಾರೋ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. ದೇವಿಂದ್ರಪ್ಪನಿಗೆ ಎಲ್ಲವೂ ಕೇಳಿಸುತ್ತಿತ್ತು. ಅವರ ಮೇಲೆ ಸಿಟ್ಟು ಬರಲಿಲ್ಲ. ಅವರಿಗೆ ಹೇಳಿದವರಾದರೂ ಯಾರು?

ಗಾಡಿಯ ಜೊತೆ ಕಾರವಾರದಿಂದ ಬಂದ ಹುಡುಗಿ ಮನಿಷಾ ಕಟ್ಟೆಯ ತುದಿಯಲ್ಲಿ ಮುದುಡಿ ಕುಳಿತಿದ್ದಳು. ಪೂನಂಳ ಕೋಣೆಯಲ್ಲೇ ಇದ್ದವಳು, ಅವಳ ಜೊತೆಗೇ ಕೆಲಸ ಮಾಡುತ್ತಿದ್ದವಳು. ದೇವಿಂದ್ರಪ್ಪ ಒಂದು ಲೋಟ ಚಹಾ ತಂದು ಅವಳ ಪಕ್ಕದಲ್ಲಿ ಇಟ್ಟ.

"ಕಡೀಕ ಏನ್ ಮಾಡಾಕತ್ತಿದ್ಲವ್ವ ನನ್ನ ಮಗಳು?"

"ಬೆಳಿಗ್ಗೆ ಬಂದ ನೀರು ನೋಡ್ತಾ ಇದ್ದಳು ಅಪ್ಪಾ. ಊಟಕ್ಕೆ ಕರೆದೆ. 'ತಡಿ, ಇದು ಎಲ್ಲಿಗೆ ಹೋಗುತ್ತೆ ನೋಡಿ ಬರ್ತೇನೆ' ಅಂದಳು. ನಾನು ಕೈ ತೊಳೆದು ತಿರುಗಿ ಬರುವಾಗ ತಲೆ ಮೇಜಿನ ಮೇಲೆ ಇಟ್ಟಿದ್ದಳು. ನಿದ್ದೆ ಬಂತೇನೋ ಅಂದುಕೊಂಡೆ."

ದೇವಿಂದ್ರಪ್ಪ ಲೋಟವನ್ನು ಅವಳತ್ತ ಸರಿಸಿದ. "ಅದು ಎಲ್ಲಿಗಿ ಹೋಯ್ತು?"

"ಯಾವುದು?"

"ಆಕಿ ನೋಡಾಕತ್ತಿದ್ದು."

ಮನಿಷಾ ತಲೆ ತಗ್ಗಿಸಿದಳು. "ನಾನು ನೋಡಲಿಲ್ಲ ಅಪ್ಪಾ."

ಚಹಾ ಆರಿತು. ಅಷ್ಟರಲ್ಲಿ ಹಳ್ಳಿಖೇಡದಿಂದ ಸೈಫುದ್ದೀನ್ ಬಂದ. ಬೆಲ್ಲದ ಗಾಣದಲ್ಲಿ ಇಬ್ಬರೂ ಎಷ್ಟೋ ಸುಗ್ಗಿ ಒಂದೇ ಕಡಾಯಿಯ ಮುಂದೆ ಕಳೆದವರು. ಸೈಫುದ್ದೀನ್ ಬೆಂಕಿ ನೋಡುವವನು, ದೇವಿಂದ್ರಪ್ಪ ಪಾಕ ತಿರುವುವವನು. ಬಂದವನು ಪೂನಂಳ ಮುಖ ನೋಡಿ, ಗೆಳೆಯನ ಪಕ್ಕದಲ್ಲಿ ಹೆಗಲಿಗೆ ಹೆಗಲು ತಾಗುವಂತೆ ಕುಳಿತ.

"ಸಂಘಪಾಲ ಮಾತಾಡ್ತಾನಂತ?" ಅಂದ.

"ಹೂಂ."

"ಅಂವಗೇನು ಮಾಲೂಮ್ ಅದ?"

"ನನಗೇನು ಮಾಲೂಮ್ ಅದ ಸೈಫು?"

"ಗಾಣದಾಗ ಆಕಿ ಹೇಳಲಿಲ್ಲೇನು? ನಾನೂ ಅಲ್ಲೇ ಇದ್ದೆ."

*

ಹೋದ ಚಳಿಗಾಲದ ಮಾತು. ರಜೆಗೆ ಬಂದ ಪೂನಂ ಅಪ್ಪನಿಗೆ ಬುತ್ತಿ ಹಿಡಿದು ಗಾಣಕ್ಕೆ ಬಂದಿದ್ದಳು. ಕಡಾಯಿಯಲ್ಲಿ ಕಬ್ಬಿನ ಹಾಲು ಕುದಿದು ಕೆಂಪಾಗಿತ್ತು. ಬೆಂಕಿಯ ಬಾಯಿಗೆ ಸೈಫುದ್ದೀನ್ ಒಣಗಿದ ಸಿಪ್ಪೆ ನೂಕುತ್ತಿದ್ದ. ಅವಳು ಸಿಪ್ಪೆಯ ರಾಶಿಯ ಮೇಲೆ ಕುಳಿತು ಅಪ್ಪನ ಕೈ ನೋಡುತ್ತಿದ್ದಳು.

"ಅಪ್ಪಾ, ನಾ ಏನ್ ಕೆಲಸ ಮಾಡ್ತೀನಿ ತೋರಿಸ್ಲೇನು?"

ಬಕೆಟ್ಟಿನ ನೀರಿನ ಮೇಲೆ ಕಬ್ಬಿನ ಸಿಪ್ಪೆಯ ಚೂರು ಬಿಟ್ಟು ಬೆರಳಿನಿಂದ ತಳ್ಳಿದಳು. ಚೂರು ತೇಲಿಕೊಂಡು ಆಚೆ ದಡಕ್ಕೆ ಹೋಗಿ ತಾಗಿತು. ಆಮೇಲೆ ಒಂದು ಬಟ್ಟಲಲ್ಲಿ ಆರಿ ಅಂಟಂಟಾದ ಕಾಕಂಬಿ ತಗೊಂಡು, ಅದರಲ್ಲೂ ಅಂಥದೇ ಚೂರು ಇಟ್ಟು ತಳ್ಳಿದಳು. ಬೆರಳು ಇದ್ದಷ್ಟು ಹೊತ್ತು ಹೋಯಿತು. ಬೆರಳು ಎತ್ತಿದಳು. ನಿಂತಿತು.

"ನೋಡಿದೇನು? ನೀರಾಗ ಕೈ ಬಿಟ್ಟ ಮ್ಯಾಲೂ ಹೋಗ್ತದ. ಇದರಾಗ ಕೈ ನಿಂತ್ರ ಅದೂ ನಿಲ್ತದ. ನಾ ನೋಡೋ ಜೀವಕ್ಕ ಸಮುದ್ರದ ನೀರೇ ಹಿಂಗ, ಇದರಕಿಂತ ದಪ್ಪ. ಬಾಲ ಬಡಿಯೋದು ನಿಲ್ಲಿಸಿದ್ರ ಅಲ್ಲೇ ನಿಂತುಬಿಡ್ತಾವ, ಕೂದಲೆಳಿಯಷ್ಟೂ ಮುಂದ ಹೋಗಂಗಿಲ್ಲ."

"ನೀರು ಅದೇ ಅಲ್ಲೇನವ್ವ?" ಸೈಫುದ್ದೀನ್ ಹಣೆಯ ಬೆವರು ಒರೆಸಿಕೊಂಡ. "ಅವಕ್ಕೊಂದು ನಮಗೊಂದು ಕಾನೂನೇನು?"

"ಕಾನೂನು ಒಂದೇ ಚಾಚಾ. ಅವು ಸಣ್ಣವು, ಅದಕ್ಕ ಅವಕ್ಕ ದಪ್ಪ ಹತ್ತತದ."

"ಸಣ್ಣವರಿಗಿ ಕಾನೂನು ದಪ್ಪ ಹತ್ತೋದು ನಮ್ಮ ಕಡೀಗೂ ಅದ ಬಿಡು. ಅದಕ್ಕ ಕಾರವಾರ ತನಕ ಯಾಕ ಹೋಗಿದ್ದಿ?"

ಪೂನಂ ಸಿಪ್ಪೆಯ ರಾಶಿಯ ಮೇಲೆ ಉರುಳಿ ನಕ್ಕಳು. ಎದ್ದು ಕುಳಿತು, ಬೆರಳಿಗಂಟಿದ ಕಾಕಂಬಿ ನೆಕ್ಕುತ್ತ ಅಂದಳು: "ಹಿಂದ ಮುಂದ ಬಡಿದ್ರೂ ನಡಿಯಂಗಿಲ್ಲ. ಮುಂದ ಎಷ್ಟು ಹೋಗ್ತದೋ ಅಷ್ಟೇ ಹಿಂದ ಬರ್ತದ. ಬಾಲ ತಿರುವಬೇಕು, ಸ್ಕ್ರೂ ತಿರುವಿದಂಗ, ಒಂದೇ ದಿಕ್ಕಿಗಿ, ಬಿಡಲಾರದಂಗ. ಹಂಗ ತಿರುವಿ ತಿರುವಿ ಬೆಳಕಿನ ಕಡಿ ಬರ್ತಾವ."

ದೇವಿಂದ್ರಪ್ಪ ಪಾಕ ತಿರುವುತ್ತಲೇ ಇದ್ದ. ಕೈ ನಿಲ್ಲಿಸಿದರೆ ತಳ ಹಿಡಿಯುತ್ತದೆ. ಅವನಿಗೆ ಆ ಸಣ್ಣ ಜೀವಗಳ ಮೇಲೆ ಪಾಪ ಅನ್ನಿಸಿತು.

"ಹಂಗಾರ ಅವು ಯಾವಾಗ ಮಲಗತಾವ?"

ಪೂನಂ ಈ ಮಾತಿಗೆ ನಗಲಿಲ್ಲ. "ನಾ ನೋಡಿದವು ಮಲಗಿದ್ದು ಕಂಡಿಲ್ಲಪ್ಪ."

"ದೋಣ್ಯಾಗ ಕರ್ಕೊಂಡು ಹೋಗಂಗಿಲ್ಲಂತ ನಿನಗ ಕೆಟ್ಟ ಅನಸಂಗಿಲ್ಲೇನು?"

"ಮದಲ ಅನಸ್ತಿತ್ತು. ಈಗ ಇಲ್ಲ." ಬಟ್ಟಲನ್ನು ಬೆಂಕಿಯ ಬೆಳಕಿಗೆ ಹಿಡಿದು ನೋಡಿದಳು. "ಮಂದಿ ಸಮುದ್ರಕ್ಕ ಹೋಗ್ತಾರ. ನನ್ನ ಕಡಿಗಿ ಸಮುದ್ರಾನೇ ಬರ್ತದ."

*

ಮಣ್ಣಿನ ಜಾಗ ಊರ ಹೊರಗೆ, ಕೆಂಪು ದಿಬ್ಬದ ಮೇಲೆ. ಬಿಸಿಲು ಏರಿತ್ತು. ತ್ರಿಶರಣ ಹೇಳಿದರು, ಪಂಚಶೀಲ ಹೇಳಿದರು. ಗಾಳಿಗೆ ಬತ್ತಿ ಆರಿದರೆ ಮತ್ತೆ ಹಚ್ಚಿದರು. ಮೇಲಿನ ಓಣಿಯ ನಾಲ್ಕಾರು ಗಂಡಸರು ದೂರದ ಜಾಲಿಗಿಡದ ಕೆಳಗೆ ನಿಂತಿದ್ದರು. ಸಂಘಪಾಲ ಅಂಗಿ ಜಗ್ಗಿ ಸರಿಮಾಡಿಕೊಂಡು ಮುಂದೆ ಬಂದ.

"ಬಂಧುಗಳೇ, ಇವತ್ತು ನಾವು ಒಬ್ಬ ದೊಡ್ಡ ಅಧಿಕಾರಿಯನ್ನ..."

"ಸಂಘಪಾಲ."

ದನಿ ಅಷ್ಟೇನೂ ದೊಡ್ಡದಿರಲಿಲ್ಲ. ಆದರೂ ಸಂಘಪಾಲ ನಿಂತ. ದೇವಿಂದ್ರಪ್ಪ ಅವನ ಹತ್ತಿರ ಬಂದು ತೋಳು ಹಿಡಿದ.

"ನಾ ಹೇಳ್ತೀನಿ."

"ಕಾಕಾ, ಮ್ಯಾಲಿನವರು ನಿಂತಾರ," ಸಂಘಪಾಲ ಪಿಸುಗುಟ್ಟಿದ.

"ನಿಂದರಲಿ. ಅವರೂ ಕೇಳಲಿ."

ಸಂಘಪಾಲನ ಕಣ್ಣು ತುಂಬಿತು. ಹಿಂದೆ ಸರಿದು ನಿಂತ. ಈಗ ಎಲ್ಲರ ಕಣ್ಣೂ ದೇವಿಂದ್ರಪ್ಪನ ಮೇಲೆ. ಅವನು ಮಗಳನ್ನು ಇಳಿಸಿದ ಕುಣಿಯೊಳಗೆ ನೋಡಲಿಲ್ಲ, ಜನರನ್ನೂ ನೋಡಲಿಲ್ಲ.

"ನನ್ನ ಮಗಳು ಅಧಿಕಾರಿ ಅಲ್ಲ," ಅಂದ. "ನನ್ನ ಮಗಳು ನೀರು ನೋಡ್ತಿದ್ಲು."

ಜನ ಕಾದರು.

"ಸಮುದ್ರದ ನೀರು. ಒಂದು ಹನಿ ತೊಗೊಂಡು ನೋಡ್ತಿದ್ಲು. ನಮ್ಮ ಕಣ್ಣಿಗಿ ಅದು ಖಾಲಿ ನೀರು. ಅದರಾಗ ಜೀವ ಇರ್ತಾವ. ಕೆಲವಕ್ಕ ಗಾಜಿನ ಮೈ, ಮ್ಯಾಲ ನಕ್ಷಿ. ಯಾವ್ಯಾವ ಅದಾವ, ಹೋದ ವರ್ಷ ಇದ್ದವು ಈ ವರ್ಷ ಯಾಕ ಬರಲಿಲ್ಲ, ಅದನ್ನ ನೋಡ್ತಿದ್ಲು. ಅವು ಬಿಸಲು ತಿಂದು ಗಾಳಿ ಬಿಡತಾವಂತ, ಆಕೀನೇ ಹೇಳಿದ್ಲು. ನಾವು ಉಸರ ಎಳಕೋತೀವಲ್ಲ, ಆ ಗಾಳ್ಯಾಗ ಹೆಚ್ಚು ಕಮ್ಮಿ ಅರ್ಧ ಅಂಥವು ಮಾಡಿದ್ದಂತ. ನಾವು ಸಮುದ್ರ ನೋಡಿಲ್ಲ. ಖರೆ, ಅದರ ಗಾಳಿ ಕುಡಕೋತೇ ಇಷ್ಟು ವರ್ಷ ಕೂಲಿ ಮಾಡೀವಿ."

ಮನಿಷಾಳ ಕಡೆ ತಿರುಗಿದ. "ಬರಾಬರ್ ಅದನವ್ವ?"

"ಬರೋಬ್ಬರಿ ಇದೆ ಅಪ್ಪಾ."

"ಅವಕ್ಕ ನೀರಂದ್ರ ನೀರಲ್ಲ. ಪಾಕ ಇದ್ದಂಗ." ಅವನ ಬಲಗೈ ತಾನೇ ಎದ್ದು, ಕಾಣದ ಕಡಾಯಿಯೊಂದರಲ್ಲಿ ಗಾಳಿಯನ್ನು ತಿರುವತೊಡಗಿತು. "ನಾವು ಓಡಿ ನಿಂತ್ರೂ ನಾಕು ಹೆಜ್ಜಿ ಮುಂದ ಹೋಗ್ತೀವಿ. ಅವಕ್ಕ ಅದಿಲ್ಲ. ಹಿಂಗ ತಿರುವಕೋತ, ತಿರುವಕೋತ ಹೋಗಬೇಕು. ತಿರುವೋದು ನಿಂತ್ರ..."

ಕೈ ಇದ್ದಲ್ಲೇ ನಿಂತಿತು. ಇಳಿಯಲಿಲ್ಲ. ಗಾಳಿಯಲ್ಲಿ ಹಾಗೇ ಉಳಿದ ಕೈಯನ್ನು ಅವನು ಬೇರೆ ಯಾರದೋ ಎಂಬಂತೆ ನೋಡುತ್ತ ನಿಂತ. ಸೈಫುದ್ದೀನ್ ಮುಂದೆ ಬಂದು ಆ ಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದ.

"ಹೇಳು," ಅಂದ. "ಪೂರಾ ಹೇಳು ದೇವಿಂದ್ರ."

"ದೋಣಿ ಹತ್ತಿಲ್ಲ ಆಕಿ," ಅಂದ ದೇವಿಂದ್ರಪ್ಪ. "ಮೀನ ಹಿಡಿದಿಲ್ಲ. ಕುಂತು ನೋಡಿದಳು. ಯಾರೂ ನೋಡಲಾರದ್ದನ್ನ ನೋಡಿದಳು. ಕಡೀ ತನಕ ನೋಡಕೋತೇ ಇದ್ಲು. ನಮ್ಮವ್ವ ಬಾವಿ ಮಣ್ಣು ಹೊತ್ತಿದ್ಲು, ನೀವೆಲ್ಲಾ ಕೆಲಸ ಅಂದ್ರಿ. ಇದೂ ಕೆಲಸ ಹೌದೋ ಅಲ್ಲೋ ನೀವೇ ಹೇಳ್ರಿ. ನನ್ನ ಮಗಳು ದುಡದಿದ್ದು ಇಷ್ಟು."

ಜಾಲಿಗಿಡದ ಕೆಳಗೆ ಒಬ್ಬ ತಲೆಯ ಮೇಲಿನ ಟವೆಲ್ಲು ತೆಗೆದ. ಜಗದೇವಿ ಕೋಲೂರಿ ಎದ್ದು ನಿಲ್ಲಲು ಹೊತ್ತು ಹಿಡಿಯಿತು.

"ಕೆಲಸಾನೇ ಅದಪ್ಪ," ಅಂದಳು. "ಕೇಳೀವಿ."

ಉಳಿದವರೂ ಒಬ್ಬೊಬ್ಬರಾಗಿ ಕೇಳೀವಿ ಅಂದರು.

ಮಣ್ಣು ಕೊಡಲು ಸಾಲು ನಿಂತಿತು. ಎಲ್ಲರಿಗಿಂತ ಮುಂದೆ ಜಗದೇವಿ. ಬಗ್ಗಿ ಒಂದು ಹಿಡಿ ಕೆಂಪು ಮಣ್ಣು ತಗೊಂಡಳು. ಹಾಕಲಿಲ್ಲ. ಪೊರೆ ಬಂದ ಕಣ್ಣಿನ ಹತ್ತಿರಕ್ಕೆ ಅಂಗೈ ತಂದು, ಇನ್ನೂ ಹತ್ತಿರ ತಂದು, ಮಣ್ಣನ್ನೇ ನೋಡುತ್ತ ನಿಂತಳು.

"ನಡಿ ಅತ್ತಿ, ಹಿಂದ ಮಂದಿ ಅದಾರ."

"ತಡಿಯವ್ವ."

ನಡಿ ಅಂದವಳೂ ತನ್ನ ಅಂಗೈಯ ಮಣ್ಣು ನೋಡಿಕೊಂಡಳು. ಅವಳ ಹಿಂದಿನವಳೂ. ಸಂಘಪಾಲನೂ ಕೈ ಬಿಚ್ಚಿ, ಹೆಂಟೆಯನ್ನು ಬೆರಳಿನಿಂದ ಮೆಲ್ಲಗೆ ಒಡೆದು, ಕಣ್ಣು ಕಿರಿದು ಮಾಡಿ ನೋಡಿದ. ಸಾಲು ಮುಂದೆ ಸರಿಯಲಿಲ್ಲ. ಸಲಿಕೆ ಹಿಡಿದವರು ಸಲಿಕೆಯೂರಿ ಕಾದರು. ಬಿಸಿಲಿನಲ್ಲಿ ಅಷ್ಟೂ ಜನ ತಲೆ ಬಗ್ಗಿಸಿ, ತಮ್ಮ ತಮ್ಮ ಅಂಗೈ ನೋಡುತ್ತ ನಿಂತಿದ್ದರು.

ಶೇವಂತಾಬಾಯಿ ಒಬ್ಬಳೇ ನೋಡಲಿಲ್ಲ. ಕುಣಿಯ ಅಂಚಿನಲ್ಲಿ ಮುಷ್ಟಿ ಬಿಗಿಹಿಡಿದು ಮುಂದೆ ಚಾಚಿ ನಿಂತಿದ್ದಳು. ಬೆರಳು ಬಿಚ್ಚುತ್ತಿರಲಿಲ್ಲ. ದೇವಿಂದ್ರಪ್ಪ ಪಕ್ಕಕ್ಕೆ ಬಂದು ನಿಂತ. ಬಿಡು ಅನ್ನಲಿಲ್ಲ. ಅವಳ ಮುಷ್ಟಿಯ ಸಂದಿಯಿಂದ ನುಣ್ಣನೆಯ ಮಣ್ಣು ಎಳೆಯಾಗಿ, ತಾನೇ ತಾನಾಗಿ, ಕೆಳಗೆ ಸುರಿಯುತ್ತಿತ್ತು.